ಹರಿಕೇನ್ ತಿಂಗಳಲ್ಲಿ ದ್ವೀಪಕ್ಕೆ ಹೋಗಬಹುದಾ?

ಪ್ರಶ್ನೆ: ನಾವು ಉಡುಪಿಯವರು. ಮಗ, ಸೊಸೆ ನ್ಯೂಜೆರ್ಸಿಯಲ್ಲಿದ್ದಾರೆ. ಈ ಸಲ ಆಗಸ್ಟ್ ಕೊನೆಗೆ ಅವರಲ್ಲಿಗೆ ಹೋಗುತ್ತಿದ್ದೇವೆ. ಸೆಪ್ಟೆಂಬರ್ ಎರಡನೇ ವಾರ ಎಲ್ಲರೂ ಸೇರಿ ಕೆರಿಬಿಯನ್ ದ್ವೀಪವೊಂದಕ್ಕೆ ಐದು ದಿನ ಹೋಗುವ ಪ್ಲಾನ್ ಮಗನದ್ದು. ಬಾರ್ಬಡೋಸ್ ಅಥವಾ ಪೋರ್ಟೊರಿಕೊ ಅನ್ನುತ್ತಿದ್ದಾನೆ. ರೇಟ್ ಅರ್ಧಕ್ಕರ್ಧ ಕಡಿಮೆ ಇದೆಯಂತೆ. ಅದು ಹರಿಕೇನ್ ಸೀಸನ್ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ನಮ್ಮ ಯಜಮಾನರು "ಗಾಳಿ ಮಳೆ ನಾವು ಕಾಣದ್ದಾ?" ಅಂತ ನಗುತ್ತಾರೆ. ನನಗೆ ಬಿಪಿ ಇದೆ, ಮೊಮ್ಮಗಳಿಗೆ ಮೂರು ವರ್ಷ. ಹೋಗಬಹುದಾ? ಇಲ್ಲ, ಊರಿಗೆ ವಾಪಸ್ ಬಂದ ಮೇಲೆ ಅಂಡಮಾನೋ ಲಕ್ಷದ್ವೀಪವೋ ನೋಡಿದರೆ ಸಾಕಾ?

ಉತ್ತರ: ಹೋಗಬಹುದು. ಆದರೆ ಮಗ ಹೇಳಿದ ವಾರ, ಮಗ ಹೇಳಿದ ದ್ವೀಪ, ಮಗ ಹುಡುಕಿದ ಅರ್ಧ ರೇಟಿನ ಟಿಕೆಟ್, ಈ ಮೂರೂ ಒಟ್ಟಿಗೆ ಬೇಡ. ಒಂದನ್ನಾದರೂ ಬದಲಿಸಿ. ಯಾವುದನ್ನು ಅಂತ ಕೇಳಿದರೆ ನಾನು ದ್ವೀಪವನ್ನು ಅನ್ನುತ್ತೇನೆ. ಯಾಕೆ ಅಂತ ಹೇಳುತ್ತೇನೆ. ನಾನು ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಆ ಕಡೆಯ ಬಂದರುಗಳನ್ನು ನೋಡಿದವನು. ಈಗ ಮಂಗಳೂರಿನಲ್ಲಿ ಕೂತು ಜನರಿಗೆ ಪ್ರವಾಸದ ಲೆಕ್ಕ ಹಾಕಿಕೊಡುತ್ತೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು.

ನಿಮ್ಮ ಮಗ ಆರಿಸಿದ ವಾರ ಇದೆಯಲ್ಲ, ಇಡೀ ವರ್ಷದಲ್ಲಿ ತೂಫಾನಿಗೆ ಅತಿ ಹೆಚ್ಚು ಹೆಸರಾದ ವಾರವೇ ಅದು. ಅಟ್ಲಾಂಟಿಕ್ ಹರಿಕೇನ್ ಸೀಸನ್ ಲೆಕ್ಕದಲ್ಲಿ ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ. ಆದರೆ ಆರು ತಿಂಗಳೂ ಒಂದೇ ತರ ಇರುವುದಿಲ್ಲ. ಜೂನ್, ಜುಲೈ ಸಾಮಾನ್ಯವಾಗಿ ಸಪ್ಪೆ. ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಜೋರು. ಹಳೆಯ ದಾಖಲೆಗಳನ್ನೆಲ್ಲ ಕೂಡಿಸಿ ನೋಡಿದರೆ ತುತ್ತತುದಿ ಬರುವುದು ಸೆಪ್ಟೆಂಬರ್ 10ರ ಆಸುಪಾಸು. ತೂಫಾನು ಹುಟ್ಟಲು ಕಡಲ ನೀರು 26.5 ಡಿಗ್ರಿಯಾದರೂ ಬೆಚ್ಚಗಿರಬೇಕು. ಬೇಸಿಗೆಯಿಡೀ ಕಾದ ಕೆರಿಬಿಯನ್ ನೀರು ಆ ಹೊತ್ತಿಗೆ 29 ಡಿಗ್ರಿ ಮುಟ್ಟಿರುತ್ತದೆ. ಹೋಟೆಲಿನವರು ಸುಮ್ನೆ ರೇಟ್ ಇಳಿಸುವುದಿಲ್ಲ.

ಹಾಗಂತ ಪಕ್ಕದ ಮನೆಯವರಷ್ಟು ಹೆದರಬೇಕಾಗಿಯೂ ಇಲ್ಲ. 1991ರಿಂದ 2020ರವರೆಗಿನ ಸರಾಸರಿ ತೆಗೆದರೆ ಒಂದು ಸೀಸನ್ನಿಗೆ ಹೆಸರಿಡುವಷ್ಟು ಜೋರಾದ ತೂಫಾನು 14. ಅದರಲ್ಲಿ ಇನ್ನೂ ಬಲಿತು ಹರಿಕೇನ್ ಮಟ್ಟಕ್ಕೆ ಏರುವುದು 7, ಭಾರೀ ಹರಿಕೇನ್ ಆಗುವುದು 3. ಇದು ಇಡೀ ಅಟ್ಲಾಂಟಿಕ್ಕಿನ ಲೆಕ್ಕ, ಮೆಕ್ಸಿಕೋ ಕೊಲ್ಲಿಯೂ ಸೇರಿ. ಎಷ್ಟೋ ತೂಫಾನು ಯಾವ ನೆಲವನ್ನೂ ಮುಟ್ಟದೆ ನಡುಗಡಲಿನಲ್ಲೇ ಕರಗಿಹೋಗುತ್ತದೆ. ನೀವು ಹೋಗುವ ಆ ಒಂದು ದ್ವೀಪಕ್ಕೆ, ನೀವಿರುವ ಆ ಐದೇ ದಿನದಲ್ಲಿ, ನೇರವಾಗಿ ಬಂದು ಬಡಿಯುವ ಸಾಧ್ಯತೆ ಕಡಿಮೆಯೇ.

ಆದರೆ ಪ್ರವಾಸ ಕೆಡಲು ತೂಫಾನು ತಲೆ ಮೇಲೆಯೇ ಬರಬೇಕೆಂದಿಲ್ಲ. ಇನ್ನೂರು ಮುನ್ನೂರು ಕಿಲೋಮೀಟರ್ ಆಚೆ ಹಾದುಹೋದರೂ ವಿಮಾನ ನಿಲ್ಲಬಹುದು. ಬೋಟು ಹೊರಡುವುದಿಲ್ಲ, ನೀರಿಗೆ ಇಳಿಯಲು ಬಿಡುವುದಿಲ್ಲ. ನೀವು ಯೋಚಿಸಬೇಕಾದ್ದು "ಗಾಳಿ ಬಡಿದರೆ?" ಅಂತ ಅಲ್ಲ. "ನಾಲ್ಕು ದಿನ ಸಿಕ್ಕಿಹಾಕಿಕೊಂಡರೆ ನಮಗೆ ತಡೆದೀತಾ?" ಅಂತ. ಇಪ್ಪತ್ತೈದು ವರ್ಷದ ಹುಡುಗರಾದರೆ ಅದೂ ಒಂದು ಕತೆ ಅಂತ ನಕ್ಕುಬಿಡುತ್ತಾರೆ. ಬಿಪಿ ಮಾತ್ರೆ, ಮೂರು ವರ್ಷದ ಮಗು, ಮಗನ ಆಫೀಸು, ನಿಮ್ಮ ಊರಿನ ವಾಪಸ್ ಟಿಕೆಟ್ ಇದೆಲ್ಲ ಇರುವಾಗ ಲೆಕ್ಕ ಬೇರೆ.

ಈಗ ನಿಮ್ಮ ಯಜಮಾನರ ಮಾತು. ಕರಾವಳಿಯವರೆಲ್ಲ ಹೇಳುವುದು ಅದನ್ನೇ. ಮಳೆಯ ಮಟ್ಟಿಗೆ ಅವರು ಹೇಳಿದ್ದು ಸರಿ. ಉಡುಪಿಯ ಮಳೆ ಕಂಡವರಿಗೆ ಆ ದ್ವೀಪಗಳ ಮಾಮೂಲಿ ಮಳೆ ಮಳೆಯೇ ಅಲ್ಲ. ಮಧ್ಯಾಹ್ನ ಅರ್ಧ ಗಂಟೆ ಹೊಯ್ದು ಮತ್ತೆ ಬಿಸಿಲು. ಆದರೆ ನಮ್ಮ ಆಟಿ ತಿಂಗಳ ಗಾಳಿ ಮಳೆಗೂ ಹರಿಕೇನಿಗೂ ಸಂಬಂಧವೇ ಇಲ್ಲ. ಜುಲೈ, ಆಗಸ್ಟಿನಲ್ಲಿ ಅರಬ್ಬಿ ಕಡಲ ಮೇಲೆ ಕೆಳಗಿನ ಗಾಳಿ ಒಂದು ದಿಕ್ಕಿಗೆ ಬೀಸಿದರೆ ಎತ್ತರದ ಗಾಳಿ ಅದಕ್ಕೆ ಎದುರಾಗಿ ಬೀಸುತ್ತಿರುತ್ತದೆ. ಹಾಗಾಗಿ ತೂಫಾನು ತಲೆಯೆತ್ತಲು ಆಗುವುದಿಲ್ಲ. ನಮ್ಮಲ್ಲಿ ಅದು ಹುಟ್ಟುವುದು ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಇಲ್ಲವೇ ಮಳೆಗಾಲ ಕಳೆದ ಮೇಲೆ.

ಹುಟ್ಟಿದರೂ ನಮ್ಮ ಅದೃಷ್ಟ ದೊಡ್ಡದು. ಈ ಭಾಗದ ಕಡಲುಗಳಲ್ಲಿ ತೂಫಾನು ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತದೆ. ನಾವಿರುವುದು ಅರಬ್ಬಿ ಕಡಲಿನ ಪೂರ್ವದ ದಡದಲ್ಲಿ. ಹಾಗಾಗಿ ಅದು ನಮಗೆ ಬೆನ್ನು ಹಾಕಿ ಒಮಾನ್, ಯೆಮೆನ್ ಕಡೆ ಹೋಗುತ್ತದೆ, ಇಲ್ಲವೇ ತಿರುಗಿ ಗುಜರಾತಿಗೆ. 2021ರ ಮೇ ತಿಂಗಳ ತೌಕ್ತೆ ನಮ್ಮ ದಡದ ಉದ್ದಕ್ಕೂ ಕಡಲಲ್ಲೇ ಹಾದುಹೋಗಿ ಗುಜರಾತಿನಲ್ಲಿ ನೆಲ ಹತ್ತಿತು. ಬರೀ ಪಕ್ಕದಲ್ಲಿ ಹೋದದ್ದಕ್ಕೇ ಇಲ್ಲಿ ಎಷ್ಟು ಕಡಲ್ಕೊರೆತ ಆಯಿತು, ಕಾಪು ಹತ್ತಿರ ಬಂಡೆಗೆ ಸಿಕ್ಕಿಕೊಂಡ ಟಗ್ ಬೋಟಿನಿಂದ ಒಂಬತ್ತು ಜನರನ್ನು ಹೇಗೆ ಎತ್ತಿ ತಂದರು ಅಂತ ನಿಮ್ಮ ಯಜಮಾನರಿಗೂ ನೆನಪಿರಬೇಕು. ಅದು ನೇರ ಬಂದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನಮ್ಮ ತಲೆಮಾರಿನವರು ಕಂಡಿಲ್ಲ.

ಕೆರಿಬಿಯನ್ ದ್ವೀಪಗಳು ಇರುವುದು ಇದಕ್ಕೆ ತದ್ವಿರುದ್ಧ ಜಾಗದಲ್ಲಿ, ಸಾಗರದ ಪಶ್ಚಿಮದ ಅಂಚಿನಲ್ಲಿ. ಆಫ್ರಿಕಾದ ದಡ ಬಿಟ್ಟು ಹೊರಟ ಗಾಳಿ ಮಳೆಯ ಒಂದು ಗುಂಪು ಬಿಸಿ ನೀರಿನ ಮೇಲೆ ದಿನಗಟ್ಟಲೆ ಬಂದು, ಬಲ ಕೂಡಿಸಿಕೊಂಡು, ಮೊದಲು ಮುಟ್ಟುವ ನೆಲ ಅದೇ. ನಮ್ಮ ದೇಶದಲ್ಲಿ ಆ ಪಾಡು ಒಡಿಶಾ ಕರಾವಳಿಯದ್ದು, ನಮ್ಮದಲ್ಲ. ತಮಾಷೆಯೆಂದರೆ ಬಾರ್ಬಡೋಸಿನ ರಾಜಧಾನಿ ಬ್ರಿಡ್ಜ್‌ಟೌನ್ 13.1 ಡಿಗ್ರಿ ಉತ್ತರದಲ್ಲಿದೆ. ಸರಿಯಾಗಿ ನಮ್ಮ ಮೂಲ್ಕಿಯ ನೇರ! ತೆಂಗು, ಮೀನು, ಬಿಸಿಲು ಎಲ್ಲ ನಮ್ಮ ಹಾಗೇ. ತೂಫಾನು ಮಾತ್ರ ನಮ್ಮ ಹಾಗಲ್ಲ.

ಬಾರ್ಬಡೋಸ್ ಅಂದಕೂಡಲೇ ಯಜಮಾನರಿಗೆ ಇನ್ನೊಂದು ನೆನಪಾಗಬೇಕು. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದದ್ದು ಅಲ್ಲೇ. ಗೆದ್ದವರು ಕೂಡಲೇ ಮನೆಗೆ ಬರಲು ಆಗಲಿಲ್ಲ. ಬೆರಿಲ್ ಅನ್ನುವ ಹರಿಕೇನ್ ಬರುತ್ತಿತ್ತು, ವಿಮಾನ ನಿಲ್ದಾಣ ಮುಚ್ಚಿದರು. ಬೆರಿಲ್ ಬಾರ್ಬಡೋಸಿಗೆ ನೇರ ಬಡಿಯಲೂ ಇಲ್ಲ. ದಕ್ಷಿಣಕ್ಕೆ ಹಾದುಹೋಗಿ ಜುಲೈ 1ರಂದು ಗ್ರೆನಡಾ ದೇಶದ ಕ್ಯಾರಿಯಕೂ ದ್ವೀಪಕ್ಕೆ ಅಪ್ಪಳಿಸಿತು. ಆದರೂ ಬಾರ್ಬಡೋಸಿನ ಮೀನುಗಾರರ ಬೋಟುಗಳು ದೊಡ್ಡ ಸಂಖ್ಯೆಯಲ್ಲಿ ಒಡೆದವು. ಹೋಟೆಲಿನಲ್ಲಿ ಕೆಲಸದವರು ಕಡಿಮೆಯಾಗಿ, ವಿಶ್ವಕಪ್ ಗೆದ್ದ ತಂಡ ಕ್ಯೂ ನಿಂತು ಕಾಗದದ ತಟ್ಟೆಯಲ್ಲಿ ಊಟ ಮಾಡಿತು ಅಂತ ಆಗ ಪೇಪರಿನಲ್ಲಿ ಬಂದಿತ್ತು. ಕೊನೆಗೆ ವಿಶೇಷ ವಿಮಾನ ಕಳಿಸಿ ಕರೆತಂದರು. ಅವರು ದೆಹಲಿಗೆ ಇಳಿದದ್ದು ಜುಲೈ 4ರ ಬೆಳಿಗ್ಗೆ. ನಿಮಗೆ ವಿಮಾನ ಕಳಿಸಲು ಬಿಸಿಸಿಐ ಇಲ್ಲ.

ಇನ್ನೂ ಒಂದು. ಬೆರಿಲ್ ಬಂದದ್ದು ನಾನು ಸಪ್ಪೆ ಅಂದ ತಿಂಗಳುಗಳಲ್ಲಿ. ಅಟ್ಲಾಂಟಿಕ್ಕಿನಲ್ಲಿ ಸೀಸನ್ ಶುರುವಾಗಿ ಅಷ್ಟು ಬೇಗ ಐದನೇ ದರ್ಜೆಗೆ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಗೆ ಏರಿದ ಹರಿಕೇನ್ ದಾಖಲೆಯಲ್ಲೇ ಬೇರೆ ಇಲ್ಲ. ಇತ್ತ ಕಡೆ 2025ರಲ್ಲಿ ಮೆಲಿಸಾ ಜಮೈಕಾಕ್ಕೆ ಐದನೇ ದರ್ಜೆಯಲ್ಲೇ ಬಡಿದದ್ದು ಅಕ್ಟೋಬರ್ 28ಕ್ಕೆ. ಐದನೇ ದರ್ಜೆ ಅಂದರೆ ಗಂಟೆಗೆ 252 ಕಿಲೋಮೀಟರಿಗಿಂತ ಜಾಸ್ತಿ ಗಾಳಿ. ತಿಂಗಳು ನೋಡಿ ಅಪಾಯ ಕಡಿಮೆ ಮಾಡಿಕೊಳ್ಳಬಹುದು, ಪೂರ್ತಿ ಕಳೆದುಕೊಳ್ಳಲು ಆಗುವುದಿಲ್ಲ.

ಹಾಗಾದರೆ ಯಾವ ದ್ವೀಪ? ಕೆರಿಬಿಯನ್ ನಕ್ಷೆ ತೆಗೆದು ದಕ್ಷಿಣದ ಅಂಚು ನೋಡಿ. ವೆನೆಜುವೆಲಾ ದಡಕ್ಕೆ ಅಂಟಿಕೊಂಡ ಹಾಗೆ ಮೂರು ದ್ವೀಪಗಳಿವೆ: ಅರುಬಾ, ಬೊನೇರ್, ಕುರಸಾವ್. ಇವು ತೂಫಾನಿನ ಮಾಮೂಲಿ ದಾರಿಯಿಂದ ಹೊರಗಿವೆ. ಅಲ್ಲಿ ಹರಿಕೇನ್ ನೇರವಾಗಿ ಬಂದು ಬಡಿಯುವುದು ತೀರಾ ಅಪರೂಪ. ಬರೀ ಅಕ್ಷಾಂಶ ಕಡಿಮೆ ಅನ್ನುವುದೊಂದೇ ಕಾರಣವಲ್ಲ. ಗ್ರೆನಡಾ ಕೂಡ 12 ಡಿಗ್ರಿಯಲ್ಲೇ ಇದೆ. ಅಲ್ಲಿಗೆ ಹರಿಕೇನ್ ಬರುವುದಿಲ್ಲ ಅಂತ ಒಂದು ಕಾಲದಲ್ಲಿ ಬೋಟ್ ಮಾಲೀಕರು ಸೀಸನ್ ಪೂರ್ತಿ ತಮ್ಮ ಬೋಟುಗಳನ್ನು ತಂದು ನಿಲ್ಲಿಸುತ್ತಿದ್ದರು. 2004ರ ಸೆಪ್ಟೆಂಬರ್ 7ರಂದು ಐವನ್ ಬಂದು ಆ ದೇಶದ ಶೇ 90ರಷ್ಟು ಮನೆಗಳನ್ನು ಹಾಳು ಮಾಡಿತು. ಗ್ರೆನಡಾ ಇರುವುದು ಪೂರ್ವದ ಬಾಗಿಲಿನಲ್ಲಿ, ತೂಫಾನು ಒಳಗೆ ಬರುವ ಜಾಗದಲ್ಲಿ. ಅರುಬಾ ಅಲ್ಲಿಂದ ತುಂಬ ಪಶ್ಚಿಮಕ್ಕೆ. ಅಷ್ಟು ದೂರ ಬರುವ ಹೊತ್ತಿಗೆ ತೂಫಾನು ಸಾಮಾನ್ಯವಾಗಿ ಉತ್ತರಕ್ಕೆ ಸರಿದಿರುತ್ತದೆ. ಕೆಳಗೆ ದಕ್ಷಿಣ ಅಮೆರಿಕದ ಒಣ ನೆಲವೂ ಇದೆ. ಆದರೂ 2007ರಲ್ಲಿ ಫೆಲಿಕ್ಸ್, 2016ರಲ್ಲಿ ಮ್ಯಾಥ್ಯೂ ಈ ಮೂರು ದ್ವೀಪಗಳ ಉತ್ತರಕ್ಕೆ ಹತ್ತಿರದಲ್ಲೇ ಹಾದುಹೋದವು. ಅಂದರೆ ಅಲ್ಲೂ ಎರಡು ದಿನ ಬೀಚ್ ಮುಚ್ಚುವ ಸಾಧ್ಯತೆ ಇದ್ದೇ ಇದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಅರುಬಾಕ್ಕೆ ಹೋಗುತ್ತಿದ್ದೆ. ಉಡುಪಿಯವರಿಗೆ ಅದೊಂದು ವಿಚಿತ್ರ ದ್ವೀಪ. ವರ್ಷಪೂರ್ತಿ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ನಮ್ಮಲ್ಲಿ ಒಂದು ಜೋರು ವಾರದಲ್ಲಿ ಅಷ್ಟು ಬಿದ್ದದ್ದಿದೆ. ಕಳ್ಳಿ ಗಿಡ, ಕಲ್ಲು, ಬಿಳಿ ಮರಳು. ಡಿವಿಡಿವಿ ಅನ್ನುವ ಮರ ಅಲ್ಲಿ ನೆಟ್ಟಗೆ ಬೆಳೆಯುವುದೇ ಇಲ್ಲ. ಒಂದೇ ಕಡೆಯಿಂದ ವರ್ಷವಿಡೀ ಬೀಸುವ ಗಾಳಿಗೆ ಪೂರ್ತಿ ನೈಋತ್ಯದ ಕಡೆಗೆ ಬಾಗಿರುತ್ತದೆ. ದಾರಿ ತಪ್ಪಿದರೆ ಆ ಮರ ನೋಡಿ ದಿಕ್ಕು ತಿಳಿಯಬಹುದು. ಕುಡಿಯುವ ನೀರು ಸಮುದ್ರದ ನೀರನ್ನೇ ಶುದ್ಧ ಮಾಡಿದ್ದು. ಸೆಪ್ಟೆಂಬರಿನಲ್ಲಿ ಗಾಳಿ ಸ್ವಲ್ಪ ಕಡಿಮೆಯಾಗಿ ಸೆಕೆ ಜಾಸ್ತಿ ಅನಿಸುತ್ತದೆ, ಅದೊಂದು ತಕರಾರು. ಹಿರಿಯರಿಗೆ ಇನ್ನೊಂದು ಅನುಕೂಲ ಇದೆ. ಅಮೆರಿಕಕ್ಕೆ ವಾಪಸಾಗುವಾಗಿನ ಇಮಿಗ್ರೇಷನ್ ತಪಾಸಣೆ ಅರುಬಾ ವಿಮಾನ ನಿಲ್ದಾಣದಲ್ಲೇ ಮುಗಿಯುತ್ತದೆ. ನ್ಯೂಜೆರ್ಸಿಯಲ್ಲಿ ಇಳಿದರೆ ನೇರ ಹೊರಗೆ. ಭಾರತದ ಪಾಸ್‌ಪೋರ್ಟಿನವರಿಗೆ ಅಮೆರಿಕದ ಮಲ್ಟಿಪಲ್ ಎಂಟ್ರಿ ವೀಸಾ ಇದ್ದರೆ ಅರುಬಾಕ್ಕೆ ಬೇರೆ ವೀಸಾ ಕೇಳುವುದಿಲ್ಲ. ಆದರೆ ಇಂಥ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮುನ್ನ ಅಲ್ಲಿನ ಸರ್ಕಾರದ ಪುಟದಲ್ಲಿ ಮಗ ಒಮ್ಮೆ ನೋಡಲಿ.

ಪೋರ್ಟೊರಿಕೊ ಬಗ್ಗೆ ಮಗ ಯಾಕೆ ಯೋಚಿಸಿದ ಅಂತ ಗೊತ್ತಾಗುತ್ತದೆ. ಅದು ಅಮೆರಿಕದ್ದೇ ಜಾಗ, ವೀಸಾ ಗೊಡವೆ ಇಲ್ಲ, ವಿಮಾನಗಳು ಬೇಕಾದಷ್ಟು. ಹಳೇ ಸ್ಯಾನ್ ಹುವಾನಿನ ಕೋಟೆ ನೋಡುವಂಥದ್ದೇ. ಆದರೆ ಮರಿಯಾ ಅನ್ನುವ ಹರಿಕೇನ್ ಅಲ್ಲಿಗೆ ಬಂದದ್ದು 2017ರ ಸೆಪ್ಟೆಂಬರ್ 20ಕ್ಕೆ, ಫಿಯೋನಾ ಬಂದದ್ದು 2022ರ ಸೆಪ್ಟೆಂಬರ್ 18ಕ್ಕೆ. ಮರಿಯಾ ಆದಮೇಲೆ ಎಲ್ಲ ಮನೆಗಳಿಗೂ ಕರೆಂಟ್ ಬರಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಫಿಯೋನಾ ಬರೀ ಒಂದನೇ ದರ್ಜೆಯದ್ದು, ಅದಕ್ಕೂ ಇಡೀ ದ್ವೀಪದ ಕರೆಂಟ್ ಹೋಯಿತು. ಜನವರಿಯಲ್ಲಾದರೆ ಕಣ್ಣುಮುಚ್ಚಿ ಹೋಗಿ ಅನ್ನುತ್ತಿದ್ದೆ.

ಯಾವ ದ್ವೀಪವಾದರೂ ಸರಿ, ಮಗನಿಗೆ ಒಂದು ಅಭ್ಯಾಸ ಮಾಡಿಸಿ. ಹೊರಡುವ ವಾರದ ಮುಂಚಿನಿಂದಲೇ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದ ಪುಟ ದಿನಾ ನೋಡಲಿ. ಟಿವಿ, ವಾಟ್ಸಾಪ್ ಬೇಡ. ಈ ಕೇಂದ್ರ ಮುಂದಿನ ಏಳು ದಿನದಲ್ಲಿ ಎಲ್ಲಿ ತೂಫಾನು ಹುಟ್ಟಬಹುದು ಅಂತ ಶೇಕಡಾವಾರು ಹೇಳುತ್ತದೆ. ಹುಟ್ಟಿದ ಮೇಲೆ ಆರು ಗಂಟೆಗೊಮ್ಮೆ ಹೊಸ ಮಾಹಿತಿ ಕೊಡುತ್ತದೆ. ಆಫ್ರಿಕಾ ಕಡೆಯಿಂದ ಬರುವ ತೂಫಾನು ದ್ವೀಪ ಮುಟ್ಟಲು ದಿನಗಟ್ಟಲೆ ಹಿಡಿಯುವುದರಿಂದ ಸೆಪ್ಟೆಂಬರಿನಲ್ಲಿ ಮುನ್ಸೂಚನೆಗೆ ಸಮಯ ಸಿಗುತ್ತದೆ. ಅಕ್ಟೋಬರಿನವು ಕೆರಿಬಿಯನ್ ಒಳಗೇ ಹುಟ್ಟುವುದು ಜಾಸ್ತಿ, ಅವು ಅಷ್ಟು ಸಮಯ ಕೊಡುವುದಿಲ್ಲ.

ಆ ಪುಟದಲ್ಲಿ ಒಂದು ನಕ್ಷೆ ಬರುತ್ತದೆ. ಈಗಿರುವ ಜಾಗದಲ್ಲಿ ಚೂಪಾಗಿ ಶುರುವಾಗಿ ಮುಂದೆ ಹೋದ ಹಾಗೆ ಅಗಲವಾಗುವ ಬಿಳಿ ಪಟ್ಟಿ. ಹೆಚ್ಚಿನವರು ಇದನ್ನು ತಪ್ಪು ಓದುತ್ತಾರೆ. ಪಟ್ಟಿ ಅಗಲ ಇದೆ ಅಂದರೆ ತೂಫಾನು ಅಷ್ಟು ಅಗಲ ಅಂತಲ್ಲ. ತೂಫಾನಿನ ನಡು ಅಷ್ಟು ಜಾಗದೊಳಗೆ ಎಲ್ಲಾದರೂ ಹೋಗಬಹುದು ಅಂತ. ಅದೂ ಮೂರರಲ್ಲಿ ಎರಡು ಸಲ ಮಾತ್ರ, ಮೂರನೇ ಸಲ ಪಟ್ಟಿಯ ಹೊರಗೇ ಹೋಗುತ್ತದೆ. ಪಟ್ಟಿಯ ಹೊರಗಿದ್ದೇವೆ ಅಂತ ಬೀಚಿನಲ್ಲಿ ಕಾಲು ಚಾಚಿ ಮಲಗಿದವರ ಮೇಲೂ ಗಾಳಿ ಮಳೆ ಬಂದದ್ದಿದೆ.

ಹಡಗಿನಲ್ಲಿ ನಮಗೆ ಬೇರೆ ಲೆಕ್ಕ ಕಲಿಸಿದ್ದರು, ಒಂದು ಎರಡು ಮೂರು ಅಂತ. ನಾಳೆ ತೂಫಾನು ಎಲ್ಲಿರುತ್ತದೆ ಅಂತ ಹೇಳಿದ್ದಾರೋ ಅದರ ಸುತ್ತ 100 ನಾಟಿಕಲ್ ಮೈಲಿ ತಪ್ಪಾಗಬಹುದು ಅಂತ ಇಟ್ಟುಕೊಳ್ಳಬೇಕು. ನಾಡಿದ್ದಿಗೆ 200, ಅದರ ಮರುದಿನಕ್ಕೆ 300. ಅದರ ಮೇಲೆ ಜೋರು ಗಾಳಿಯ ಅಗಲವನ್ನೂ ಸೇರಿಸಿ ವೃತ್ತ ಎಳೆಯಬೇಕು. ಆ ವೃತ್ತದೊಳಗೆ ಹಡಗು ಕಾಲಿಡಕೂಡದು. ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿಲೋಮೀಟರ್, ಹಾಗಾಗಿ ಮೂರನೇ ದಿನದ ತಪ್ಪು ಮಂಗಳೂರಿನಿಂದ ಗೋವಾವನ್ನೂ ದಾಟಿ ಹೋಗುತ್ತದೆ. ಈಗಿನ ಮುನ್ಸೂಚನೆ ಮೊದಲಿಗಿಂತ ಎಷ್ಟೋ ಸುಧಾರಿಸಿದೆ. ಆದರೂ ಮಗುವನ್ನು ಕಟ್ಟಿಕೊಂಡು ಹೋಗುವವರಿಗೆ ಈ ಹಳೇ ಲೆಕ್ಕವೇ ಸರಿ ಅಂತ ನನ್ನ ಅಭಿಪ್ರಾಯ. ಇನ್ನೊಂದು ಹಡಗಿನವರ ಗುಟ್ಟು: ಭೂಮಧ್ಯರೇಖೆಯ ಉತ್ತರಕ್ಕೆ ತೂಫಾನು ಗಡಿಯಾರಕ್ಕೆ ಉಲ್ಟಾ ಸುತ್ತುತ್ತದೆ. ಅದು ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗೈ ಕಡೆ ಗಾಳಿ ಜೋರು. ಪಶ್ಚಿಮಕ್ಕೆ ಹೋಗುವ ತೂಫಾನಿಗೆ ಬಲಗೈ ಅಂದರೆ ಉತ್ತರ. ದಕ್ಷಿಣಕ್ಕೆ ಹಾದುಹೋದ ಬೆರಿಲ್ ಬಾರ್ಬಡೋಸಿಗೆ ಅಷ್ಟು ಪೆಟ್ಟು ಕೊಟ್ಟದ್ದಕ್ಕೆ ಇದೂ ಒಂದು ಕಾರಣ.

ಎಚ್ಚರಿಕೆ ಎರಡು ಹಂತದಲ್ಲಿ ಬರುತ್ತದೆ. ಗಾಳಿ ಜೋರಾಗುವುದಕ್ಕೆ ಸುಮಾರು 48 ಗಂಟೆ ಮುಂಚೆ ವಾಚ್, 36 ಗಂಟೆ ಮುಂಚೆ ವಾರ್ನಿಂಗ್. ವಾರ್ನಿಂಗ್‌ವರೆಗೆ ಕಾಯಬೇಡಿ. ಆ ಹೊತ್ತಿಗೆ ಸೀಟು ಖಾಲಿ ಇರುವುದಿಲ್ಲ. ಬಂದರಿನಲ್ಲಿ ಕಟ್ಟಿದ ದೊಡ್ಡ ಹಡಗು ತೂಫಾನು ಬರುತ್ತದೆ ಅಂದಾಗ ಏನು ಮಾಡುತ್ತದೆ ಗೊತ್ತಾ? ಹಗ್ಗ ಬಿಚ್ಚಿ ಹೊರಗೆ ಹೋಗುತ್ತದೆ. ಮೀನಿನ ಬೋಟುಗಳು ಒಳಗೆ ಬರುತ್ತಿರುತ್ತವೆ, ದೊಡ್ಡ ಹಡಗುಗಳು ಹೊರಡುತ್ತಿರುತ್ತವೆ. ಅಂಥ ಒಂದು ಬಂದರಿನಿಂದ ನಾವು ಹೊರಡುವಾಗ ಊರಿನ ಮೇಲೆ ಮೋಡವೇ ಇರಲಿಲ್ಲ. ದಡದ ಅಂಗಡಿಯವರು ಕಿಟಕಿಗೆ ಪ್ಲೈವುಡ್ ಹೊಡೆಯುತ್ತಿದ್ದರು, ಪೆಟ್ರೋಲ್ ಬಂಕಿನ ಮುಂದೆ ಕ್ಯೂ, ಹೆಂಗಸರು ಕೊಡ, ಬಕೆಟ್, ಸ್ನಾನದ ತೊಟ್ಟಿಗೆಲ್ಲ ನೀರು ತುಂಬಿಸುತ್ತಿದ್ದರು. ಅಲ್ಲೇ ಪಕ್ಕದ ಹೋಟೆಲಿನಲ್ಲಿ ಪ್ರವಾಸಿಗರು ಈಜುಕೊಳದಲ್ಲಿದ್ದರು. ಊರಿನವರು ಪ್ಲೈವುಡ್ ತರಲು ಹೋದರೆ ನೀವು ಸೂಟ್‌ಕೇಸ್ ಕಟ್ಟಿ.

ಕಡಲಿನ ಬಗ್ಗೆ ಒಂದು ಮಾತು, ಮೊಮ್ಮಗಳು ಇರುವ ಕಾರಣಕ್ಕೆ. ತೂಫಾನು ಸಾವಿರ ಕಿಲೋಮೀಟರ್ ದೂರ ಇರುವಾಗಲೇ ಅದರ ಅಲೆ ಬಂದು ಮುಟ್ಟುತ್ತದೆ. ಆಕಾಶ ನೀಲಿ, ಗಾಳಿ ಇಲ್ಲ. ಒಂದು ಅಲೆ ಒಡೆದು ಇನ್ನೊಂದು ಬರಲು ಹನ್ನೆರಡು, ಹದಿನೈದು ಸೆಕೆಂಡ್. ನಡುವೆ ನೀರು ಶಾಂತವಾಗಿ ಕಾಣುತ್ತದೆ. ಜನ ಆಗಲೇ ಮೋಸ ಹೋಗುವುದು. ಅಂಥ ಅಲೆ ನೀರನ್ನು ದಡಕ್ಕೆ ತಂದು ರಾಶಿ ಹಾಕುತ್ತದೆ, ಆ ನೀರು ವಾಪಸ್ ಹೋಗುವಾಗ ಒಂದೇ ಸಪೂರ ಜಾಗದಲ್ಲಿ ನುಗ್ಗಿ ಹೋಗುತ್ತದೆ. ಮಲ್ಪೆಯಲ್ಲಿ ಲೈಫ್‌ಗಾರ್ಡ್‌ಗಳು ಸೀಟಿ ಊದಿ ಜನರನ್ನು ಮೇಲೆ ಕರೆಯುವುದು ಇದೇ ಸೆಳೆತಕ್ಕೆ ಹೆದರಿ. ಕೆರಿಬಿಯನ್ನಿನ ಹಲವು ಬೀಚುಗಳಲ್ಲಿ ಲೈಫ್‌ಗಾರ್ಡೇ ಇರುವುದಿಲ್ಲ. ಅಟ್ಲಾಂಟಿಕ್ಕಿನಲ್ಲಿ ಎಲ್ಲಿಯಾದರೂ ಹೆಸರಿಟ್ಟ ತೂಫಾನು ಇದೆ ಅಂತಾದರೆ ಆ ದಿನ ಮಗು ಹೋಟೆಲಿನ ಕೊಳದಲ್ಲಿ ಆಡಲಿ.

ಇನ್ನು ದುಡ್ಡು. ಅರ್ಧ ರೇಟಿನ ಟಿಕೆಟ್, ರೂಮು ಹೆಚ್ಚಾಗಿ ವಾಪಸ್ ಕೊಡಲಾಗದ್ದು. ಸೆಪ್ಟೆಂಬರಿನಲ್ಲಿ ಅದನ್ನು ತೆಗೆಯುವುದೇ ತಪ್ಪು. ಬಂದು ತಲುಪುವ ಒಂದೆರಡು ದಿನ ಮುಂಚಿನವರೆಗೂ ಕ್ಯಾನ್ಸಲ್ ಮಾಡಬಹುದಾದ ರೂಮು ತೆಗೆಯಲಿ. ಸ್ವಲ್ಪ ಜಾಸ್ತಿ ಆದೀತು, ಆದರೂ ಡಿಸೆಂಬರ್ ರೇಟಿಗಿಂತ ಕಡಿಮೆಯೇ. ವಿಮಾನದ ಕಂಪನಿಯೇ ಹಾರಾಟ ರದ್ದು ಮಾಡಿದರೆ ಅಮೆರಿಕದ ನಿಯಮದಂತೆ ದುಡ್ಡು ವಾಪಸ್ ಕೇಳಬಹುದು. ತೂಫಾನು ಹತ್ತಿರ ಬಂದಾಗ ಆ ಕಂಪನಿಗಳು ಶುಲ್ಕ ಇಲ್ಲದೆ ದಿನ ಬದಲಿಸಲು ಬಿಡುವುದೂ ಉಂಟು. ಆದರೆ ವಿಮಾನ ಹಾರುತ್ತಿರುವಾಗ ನೀವೇ ಹೆದರಿ ಹೋಗದಿದ್ದರೆ ಯಾರೂ ಕೊಡುವುದಿಲ್ಲ.

ಇನ್ಶೂರೆನ್ಸ್ ವಿಷಯ ಜಾಗ್ರತೆಯಿಂದ ಓದಿ. ತೂಫಾನಿಗೆ ಹೆಸರಿಟ್ಟ ಮೇಲೆ ತೆಗೆದ ಪಾಲಿಸಿ ಆ ತೂಫಾನಿಗೆ ಲಾಗು ಆಗುವುದಿಲ್ಲ. ಗೊತ್ತಿದ್ದೇ ತೆಗೆದುಕೊಂಡಿರಿ ಅನ್ನುತ್ತಾರೆ. ಹಾಗಾಗಿ ಟಿಕೆಟ್ ತೆಗೆದ ದಿನವೇ ಪಾಲಿಸಿಯನ್ನೂ ತೆಗೆಯಬೇಕು. ಅಮೆರಿಕದಲ್ಲಿ ಯಾವ ಕಾರಣಕ್ಕೆ ಬೇಕಾದರೂ ಪ್ರವಾಸ ರದ್ದು ಮಾಡಬಹುದು ಅನ್ನುವ ಪಾಲಿಸಿ ಸಿಗುತ್ತದೆ. ದುಬಾರಿ, ಸಾಮಾನ್ಯವಾಗಿ ಕಟ್ಟಿದ್ದರಲ್ಲಿ ಅರ್ಧದಿಂದ ಮುಕ್ಕಾಲು ಪಾಲಿನಷ್ಟೇ ವಾಪಸ್ ಬರುತ್ತದೆ. ಮೊದಲ ಕಂತು ಕಟ್ಟಿದ ಎರಡು ಮೂರು ವಾರದೊಳಗೆ ತೆಗೆಯಬೇಕು. ನಿಮ್ಮಂಥ ಕುಟುಂಬಕ್ಕೆ ಅದು ದಂಡವಲ್ಲ. ನಿಮಗೂ ಯಜಮಾನರಿಗೂ ಅಮೆರಿಕ ಪ್ರಯಾಣಕ್ಕೆ ಅಂತ ಇಲ್ಲಿಂದ ತೆಗೆದ ವಿಮೆ ಬೇರೆಯೇ. ಅದು ಆಸ್ಪತ್ರೆ ಖರ್ಚಿನದ್ದು. ಅದರಲ್ಲಿ ಅಮೆರಿಕ ಬಿಟ್ಟು ಬೇರೆ ದೇಶ ಸೇರಿದೆಯಾ, ಮೊದಲೇ ಇರುವ ಬಿಪಿ ಸೇರಿದೆಯಾ, ಈ ಎರಡು ಸಾಲು ಹುಡುಕಿ ನೋಡಿ.

ಹೋಟೆಲ್ ತೆರೆದಿದೆಯಾ ಅಂತಲೂ ಕೇಳಬೇಕು. ನಗಬೇಡಿ. ಸಣ್ಣ ದ್ವೀಪಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಬಣ್ಣ ಬಳಿಯುವ, ಕೆಲಸದವರಿಗೆ ರಜೆ ಕೊಡುವ ತಿಂಗಳು. ಹೋಟೆಲೇ ಮುಚ್ಚಿರುತ್ತದೆ, ಇಲ್ಲವೇ ಮೂರರಲ್ಲಿ ಒಂದು ಊಟದ ಜಾಗ ಮಾತ್ರ ತೆರೆದಿರುತ್ತದೆ. ಜನರೇಟರ್ ಇದೆಯಾ, ಅದು ರೂಮಿಗೂ ಬರುತ್ತದಾ, ಬರೀ ಲಾಬಿಗಾ ಅಂತ ಕೇಳಿ. ಕಡಲಿಗೆ ತಾಗಿದ ನೆಲಮಹಡಿ ಬೇಡ, ತೀರಾ ಮೇಲಿನ ಮಹಡಿಯೂ ಬೇಡ. ಕೆಳಗೆ ನೀರು ನುಗ್ಗುತ್ತದೆ, ಮೇಲೆ ಗಾಳಿ ಜಾಸ್ತಿ. ಎರಡು ಮೂರನೇ ಮಹಡಿ ಹಿತ.

ನಿಮ್ಮ ಬಿಪಿ ಮಾತ್ರೆ ಐದು ದಿನದ್ದಲ್ಲ, ಹದಿನೈದು ದಿನದ್ದು ಇಟ್ಟುಕೊಳ್ಳಿ. ಚೀಟಿಯ ಸಮೇತ, ಕೈಚೀಲದಲ್ಲಿ. ಅವಲಕ್ಕಿ, ಚಟ್ನಿಪುಡಿ ಹೇಗೂ ಅಮೆರಿಕಕ್ಕೆ ಹೋಗುತ್ತದಲ್ಲ, ಅದರಲ್ಲೇ ಒಂದು ಪೊಟ್ಟಣ ದ್ವೀಪಕ್ಕೂ ಹೋಗಲಿ. ಕರೆಂಟ್ ಹೋದ ಹೋಟೆಲಿನಲ್ಲಿ ಸಸ್ಯಾಹಾರಿಗಳಿಗೆ ಬ್ರೆಡ್ಡು, ಬಾಳೆಹಣ್ಣು ಬಿಟ್ಟರೆ ಏನೂ ಸಿಗದು. ಸ್ವಲ್ಪ ಡಾಲರ್ ನೋಟು ಕೈಯಲ್ಲಿರಲಿ. ಕರೆಂಟ್ ಇಲ್ಲದಾಗ ಕಾರ್ಡ್ ಉಜ್ಜಿ ಪ್ರಯೋಜನ ಇಲ್ಲ. ಊರಿನ ವಾಪಸ್ ವಿಮಾನ ದ್ವೀಪದಿಂದ ಬಂದ ಮರುದಿನವೇ ಇಟ್ಟುಕೊಳ್ಳಬೇಡಿ, ಒಂದು ವಾರವಾದರೂ ನಡುವೆ ಬಿಡಿ.

ಮಗ ಕ್ರೂಸ್ ಅಂದರೆ? ಸೆಪ್ಟೆಂಬರಿಗೆ ಅದು ಕೆಟ್ಟ ಆಯ್ಕೆ ಅಲ್ಲ. ಹಡಗು ತೂಫಾನಿಗಿಂತ ವೇಗವಾಗಿ ಹೋಗುತ್ತದೆ, ತಪ್ಪಿಸಿಕೊಂಡು ಬೇರೆ ಕಡೆ ತಿರುಗುತ್ತದೆ. ಬಹಾಮಾಸ್ ಅಂತ ಹತ್ತಿದವರು ಮೆಕ್ಸಿಕೋದಲ್ಲಿ ಇಳಿದಾರು, ಅದಕ್ಕೆ ಪರಿಹಾರ ಕೇಳುವಂತಿಲ್ಲ. ತಲೆಸುತ್ತು ಬರುವವರಿಗೆ ಮಾತ್ರ ಬೇಡವೇ ಬೇಡ.

ಇಷ್ಟೆಲ್ಲ ತಲೆನೋವು ಯಾಕೆ ಅನಿಸಿದರೆ, ನೀವು ಎಷ್ಟು ದಿನ ಅಲ್ಲಿರುತ್ತೀರಿ ಅಂತ ನೋಡಿ. ಆರು ತಿಂಗಳು ಇರುವವರಾದರೆ ದ್ವೀಪವನ್ನು ಡಿಸೆಂಬರ್ ಮೊದಲೆರಡು ವಾರಕ್ಕೆ ಹಾಕಿ. ಸೀಸನ್ ಮುಗಿದಿರುತ್ತದೆ, ಕ್ರಿಸ್‌ಮಸ್ ರೇಟ್ ಇನ್ನೂ ಏರಿರುವುದಿಲ್ಲ. ಆಗ ಬಾರ್ಬಡೋಸಿಗೇ ಹೋಗಿ. ಅಲ್ಲಿಯ ಹಾರುಮೀನು ತಿನ್ನಲು ಯಜಮಾನರಿಗೆ ಅಡ್ಡಿಯಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಊರಿಗೆ ಬಂದ ಮೇಲೆ ಅಂಡಮಾನ್, ಲಕ್ಷದ್ವೀಪ ಸಾಕಾ ಅಂದಿರಿ. ಅವು ಕೆರಿಬಿಯನ್ನಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಆದರೆ ನೀವು ಅಕ್ಟೋಬರಿನಲ್ಲಿ ಬಂದು ಕೂಡಲೇ ಹೊರಟರೆ ಅಲ್ಲಿಯ ಸೀಸನ್ ತಪ್ಪಿಸಿ ಇಲ್ಲಿಯ ಸೀಸನ್ನಿಗೆ ಸಿಕ್ಕಿದ ಹಾಗೆ. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ತೂಫಾನಿನ ಕಾಲ. 2016ರ ಡಿಸೆಂಬರಿನಲ್ಲಿ ವಾರ್ದಾ ಆಗಿ ಬೆಳೆಯುವ ಮುಂಚಿನ ವಾಯುಭಾರ ಕುಸಿತಕ್ಕೇ ಅಂಡಮಾನಿನ ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ನೌಕಾಪಡೆಯ ಹಡಗು ಹೋಗಿ ಕರೆತಂದಿತು. ಲಕ್ಷದ್ವೀಪದ ಮೇಲೆ ಓಖಿ ಹಾದದ್ದು 2017ರ ಡಿಸೆಂಬರ್ ಮೊದಲ ವಾರ. ಎರಡಕ್ಕೂ ಜನವರಿಯಿಂದ ಮಾರ್ಚ್ ಒಳ್ಳೆಯದು. ಗಾಳಿ ಇಲ್ಲ, ನೀರು ತಿಳಿ. ಆಗಸ್ಟ್, ಸೆಪ್ಟೆಂಬರಿನಲ್ಲೇ ದ್ವೀಪ ನೋಡಬೇಕು ಅಂತ ಹಟ ಇರುವ ಬೇರೆ ಓದುಗರಿಗೆ ನಾನು ಬಾಲಿಯನ್ನೋ ಮಾರಿಷಸ್ಸನ್ನೋ ಹೇಳುತ್ತೇನೆ. ಎರಡೂ ಭೂಮಧ್ಯರೇಖೆಯ ದಕ್ಷಿಣಕ್ಕಿವೆ, ಆಗ ಅಲ್ಲಿ ಒಣಹವೆ. ಮಾರಿಷಸ್ಸಿನ ತೂಫಾನು ನವೆಂಬರಿನಿಂದ ಏಪ್ರಿಲ್‌ವರೆಗೆ.

ನಿಮಗೆ ಅಂಡಮಾನ್, ಲಕ್ಷದ್ವೀಪ ಎರಡರಲ್ಲಿ ಒಂದು ಅಂದರೆ ಲಕ್ಷದ್ವೀಪಕ್ಕೆ ಹೋಗಿ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ಈಗ ಅಲ್ಲಿಗೆ ಹೋಗಲು ಪ್ರವೇಶ ಪರ್ಮಿಟ್ ಬೇಕು, ವಿಮಾನವಾದರೆ ಕೊಚ್ಚಿಯಿಂದ ಅಗತ್ತಿಗೆ. ಅಲ್ಲಿ ರೂಮುಗಳು ಕಡಿಮೆ, ಜನವರಿಯದ್ದು ಬೇಗ ತುಂಬಿಬಿಡುತ್ತದೆ. ಅಮೆರಿಕಕ್ಕೆ ಹೊರಡುವ ಮುನ್ನವೇ ಅದಕ್ಕೊಂದು ವ್ಯವಸ್ಥೆ ಮಾಡಿ ಹೊರಡಿ.